ಹಾರುವ ಕಪ್ಪೆ ನೋಡಬೇಕಾ? ಮೊದಲು ನೀರು ಹುಡುಕಿ

ಜೂನ್ ಬಂತೆಂದರೆ ಕೇಳುವವರು ಶುರುವಾಗುತ್ತಾರೆ. ಆ ಹಸಿರು ಕಪ್ಪೆ, ಕಾಲಿನ ಸಂದಿಯಲ್ಲಿ ಕೆಂಪಗಿರುತ್ತಲ್ಲ, ಮರದಿಂದ ಹಾರುತ್ತಂತಲ್ಲ, ಅದನ್ನು ನೋಡೋಕೆ ಆಗುಂಬೆಗೇ ಬರಬೇಕಾ, ರಾತ್ರಿ ಕಾಡಿನೊಳಗೆ ಎಷ್ಟು ದೂರ ನಡೆಯಬೇಕು ಅಂತ. ನಾನು ಹೇಳುವುದು ಒಂದೇ ಮಾತು. ಕಪ್ಪೆಯನ್ನು ಹುಡುಕಿಕೊಂಡು ಕಾಡು ಸುತ್ತಬೇಡಿ. ನಿಂತ ನೀರು ಹುಡುಕಿ, ಅದರ ಮೇಲೆ ಸೊಪ್ಪು ಬಾಗಿದೆಯಾ ನೋಡಿ. ಈ ಎರಡೂ ಒಟ್ಟಿಗೆ ಇರುವ ಕಡೆ ಸಂಜೆ ಹೋಗಿ ಸುಮ್ನೆ ನಿಂತರೆ ಕಪ್ಪೆ ತಾನಾಗಿಯೇ ಇಳಿದು ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಾದರೆ ನಿಮ್ಮ ಮನೆ ಹಿಂದಿನ ಹೊಂಡದಲ್ಲೇ ಇದ್ದೀತು.

ಇದರ ಹೆಸರು ಮಲಬಾರ್ ಹಾರುವ ಕಪ್ಪೆ. ವಿಜ್ಞಾನದವರು ರಾಕೋಫೋರಸ್ ಮಲಬಾರಿಕಸ್ ಅನ್ನುತ್ತಾರೆ. 1870ರಲ್ಲಿ ಜೆರ್ಡನ್ ಎಂಬ ಬ್ರಿಟಿಷ್ ಡಾಕ್ಟರ್ ಇದನ್ನು ಮೊದಲು ವಿವರಿಸಿದ್ದು. ನಮ್ಮ ಹಕ್ಕಿಗಳ ಬಗ್ಗೆಯೂ ತುಂಬಾ ಕೆಲಸ ಮಾಡಿದ ಮನುಷ್ಯ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಈ ಕಪ್ಪೆ ಇಲ್ಲ. ನಮ್ಮ ಸಾಲಿನಲ್ಲಿ ಮಹಾರಾಷ್ಟ್ರ, ಗೋವಾದಿಂದ ಕೇರಳದವರೆಗೂ ಸಿಗುತ್ತದೆ. ಸದ್ಯಕ್ಕೆ ಅಳಿವಿನ ಅಂಚಿನ ಪಟ್ಟಿಯಲ್ಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅದಕ್ಕೆ ಬೇಕಾದ ಹೊಂಡಗಳು ಮಾತ್ರ ನಮ್ಮ ಕಣ್ಣೆದುರೇ ಮುಚ್ಚಿಹೋಗುತ್ತಿವೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಗುರುತು ಹಿಡಿಯುವುದು

ಮೈ ಮೇಲೆಲ್ಲ ಎಳೆ ಸೊಪ್ಪಿನ ಹಸಿರು. ಕೆಲವು ಕಪ್ಪೆಗಳಿಗೆ ಬೆನ್ನ ಮೇಲೆ ಸಣ್ಣ ಸಣ್ಣ ಕಪ್ಪು ಬಿಳಿ ಚುಕ್ಕಿ ಇರುತ್ತದೆ. ಹೊಟ್ಟೆ ತಿಳಿ ಹಳದಿ. ಹೆಣ್ಣು ದೊಡ್ಡದು, ಮೂತಿಯಿಂದ ಹಿಂಬದಿವರೆಗೆ ಸುಮಾರು 10 ಸೆಂಟಿಮೀಟರ್ ಬರುತ್ತದೆ. ಗಂಡು ಅದಕ್ಕಿಂತ ಚಿಕ್ಕದು. ಮರಗಪ್ಪೆಗಳ ಲೆಕ್ಕದಲ್ಲಿ ಇದು ದೊಡ್ಡ ಗಾತ್ರವೇ.

ಕೆಂಪು ಎಲ್ಲಿ ಅಂತ ಹುಡುಕುತ್ತೀರಿ, ಕಾಣುವುದಿಲ್ಲ. ಕೂತಾಗ ಕಪ್ಪೆ ಕೈಕಾಲುಗಳನ್ನು ಹೊಟ್ಟೆಗೆ ಒತ್ತಿ ಮಡಚಿಕೊಂಡಿರುತ್ತದೆ. ಆಗ ಅದು ಎಲೆಯ ಮೇಲಿನ ಒಂದು ಹಸಿರು ಗುಡ್ಡೆ, ಅಷ್ಟೇ. ಹತ್ತಿರದಿಂದ ನೋಡಿದರೆ ಬೆರಳಿನ ಅಂಚಿನಲ್ಲಿ ಮಾತ್ರ ಒಂದು ಕೆಂಪು ಗೆರೆ ಇಣುಕುತ್ತದೆ. ಅದು ಒಂದು ಹೆಜ್ಜೆ ಮುಂದಿಟ್ಟಾಗ, ಹಿಂಗಾಲು ಚಾಚಿದಾಗ, ಬೆರಳುಗಳ ನಡುವಿನ ಪೊರೆ ಬಿಚ್ಚಿಕೊಳ್ಳುತ್ತದೆ ನೋಡಿ, ಕಿತ್ತಳೆ ಮಿಶ್ರಿತ ಕೆಂಪು, ಟಾರ್ಚ್ ಬೆಳಕಿನಲ್ಲಿ ಆ ಪೊರೆಯೊಳಗಿನ ರಕ್ತನಾಳಗಳೂ ಕಾಣುತ್ತವೆ. ಮತ್ತೆ ಕೂತರೆ ಮಾಯ. ಈ ಬಣ್ಣ ನೋಡಲಿಕ್ಕೆಂದೇ ಎಷ್ಟು ಹೊತ್ತು ಬೇಕಾದರೂ ಮಳೆಯಲ್ಲಿ ನಿಲ್ಲಬಹುದು, ನನ್ನ ಮಟ್ಟಿಗಂತೂ.

ಬೆರಳ ತುದಿಯನ್ನೂ ಗಮನಿಸಿ. ದುಂಡಗೆ, ಚಪ್ಪಟೆ ಮೆತ್ತೆ ಇರುತ್ತದೆ. ಆ ಮೆತ್ತೆಯ ಚರ್ಮದ ಕಣಗಳು ಆರು ಮೂಲೆಯವು, ಒಂದಕ್ಕೊಂದು ನಡುವೆ ಸಣ್ಣ ಕಾಲುವೆ, ಆ ಕಾಲುವೆಗಳಲ್ಲಿ ಅಂಟು ದ್ರವ. ಒದ್ದೆ ಎಲೆ, ಪಾಚಿ ಕಟ್ಟಿದ ಗೋಡೆ, ಗಾಜು, ಎಲ್ಲಿ ಬೇಕಾದರೂ ಹತ್ತುವುದು ಇದರಿಂದಲೇ. ಕಣ್ಣಿನ ಪಾಪೆ ಅಡ್ಡಕ್ಕೆ ಇರುತ್ತದೆ.

ಮನೆಗಳ ಬಚ್ಚಲಿನಲ್ಲಿ ಗೋಡೆಗೆ ಅಂಟಿಕೊಂಡಿರುವ ಕಂದು ಬಣ್ಣದ ಕಪ್ಪೆ ಇದಲ್ಲ. ಅದೂ ಮರಗಪ್ಪೆಯೇ, ಇದರ ಹತ್ತಿರದ ನೆಂಟ, ಅದೂ ನೊರೆಗೂಡು ಕಟ್ಟುತ್ತದೆ. ಆದರೆ ಈ ಹಸಿರು, ಈ ಕೆಂಪು ಅದಕ್ಕಿಲ್ಲ. ಕೊಡಗು, ವಯನಾಡಿನ ಕಡೆ ಹೋದರೆ ಇನ್ನೊಂದು ಪುಟ್ಟ ಹಸಿರು ಕಪ್ಪೆ ಸಿಗುತ್ತದೆ, ಮೈಯ ಪಕ್ಕದಲ್ಲಿ ಹಳದಿ ಗೆರೆ ಎಳೆದಿರುತ್ತದೆ. ಅದು ರಾಕೋಫೋರಸ್ ಲ್ಯಾಟರಾಲಿಸ್. ತಮಿಳುನಾಡಿನ ಆನೆಮಲೆ ಕಡೆ ನಮ್ಮದನ್ನೇ ಹೋಲುವ ಬೇರೆ ಜಾತಿಯೂ ಇದೆ. 2000ನೇ ಇಸವಿಯಲ್ಲಿ ಅದನ್ನು ಬೇರೆ ಅಂತ ಗುರುತಿಸಿದರು. ಶಿವಮೊಗ್ಗ ಜಿಲ್ಲೆಯಲ್ಲಿ ನೀವು ನೋಡುವ ದೊಡ್ಡ ಹಸಿರು ಮರಗಪ್ಪೆ, ಕೆಂಪು ಪೊರೆಯದು, ಮಲಬಾರ್ ಹಾರುವ ಕಪ್ಪೆಯೇ ಅಂತ ಧೈರ್ಯವಾಗಿ ಬರೆದುಕೊಳ್ಳಿ.

ವಿಷ ಇದೆಯಾ ಅಂತ ಮಕ್ಕಳು ಕೇಳುತ್ತಾರೆ. ಟಿವಿಯಲ್ಲಿ ಬಣ್ಣಬಣ್ಣದ ವಿಷಗಪ್ಪೆ ನೋಡಿರುತ್ತಾರಲ್ಲ. ಅವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನವು, ತಿನ್ನುವ ಇರುವೆ, ನುಸಿ ಮುಂತಾದ ಹುಳಗಳಿಂದ ಅವಕ್ಕೆ ವಿಷ ಬರುತ್ತದೆ. ನಮ್ಮ ಈ ಕಪ್ಪೆ ಆ ಜಾತಿಯದಲ್ಲ. ಕಚ್ಚುವುದೂ ಇಲ್ಲ. ಹಾಗಂತ ಹಿಡಿಯಬೇಡಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುವ, ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನಿಮ್ಮ ಕೈಯಲ್ಲಿರುವ ಸೋಪು, ಸೊಳ್ಳೆ ಮುಲಾಮು, ಉಪ್ಪು ಎಲ್ಲ ನೇರ ಅದರ ಮೈಯೊಳಗೆ ಹೋಗುತ್ತದೆ.

ಯಾವಾಗ ಹೋಗಬೇಕು

ಬೇಸಿಗೆಯಲ್ಲಿ ಇವು ಮರದ ಮೇಲಿನ ನೆತ್ತಿಯಲ್ಲಿರುತ್ತವೆ. ನಿಮಗೆ ಸಿಗುವುದಿಲ್ಲ, ಹುಡುಕಿ ಪ್ರಯೋಜನವೂ ಇಲ್ಲ. ಮೃಗಶಿರ ಮಳೆ ಚೆನ್ನಾಗಿ ಹಿಡಿದು, ಹೊಂಡಗಳಲ್ಲಿ ನೀರು ನಿಂತ ಮೇಲೆ ಕೆಳಗಿಳಿಯಲು ಶುರು ಮಾಡುತ್ತವೆ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಒಳ್ಳೆಯ ಕಾಲ. ಮಳೆ ತಡವಾದ ವರ್ಷ ಎಲ್ಲವೂ ತಡವಾಗುತ್ತದೆ. ಕ್ಯಾಲೆಂಡರ್ ನೋಡಿ ರಜೆ ಹಾಕುವ ಬೆಂಗಳೂರಿನವರು ಊರಿನವರಿಗೆ ಒಂದು ಫೋನ್ ಮಾಡಿ, ಹೊಂಡ ತುಂಬಿದೆಯಾ ಅಂತ ಕೇಳಿಕೊಂಡು ಹೊರಡುವುದು ಒಳ್ಳೆಯದು.

ಗಾಳಿ ಹೊಡೆತದ ಜಡಿಮಳೆ ಸುರಿಯುವಾಗ ಹೋಗಬೇಡಿ. ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ, ಮೇಲಿಂದ ಕೊಂಬೆ ಬೀಳುವ ಭಯ ಬೇರೆ. ಹಗಲೆಲ್ಲ ಸುರಿದು ಸಂಜೆ ಸ್ವಲ್ಪ ಹೊಳವಾಗಿ, ಎಲೆಗಳಿಂದ ಹನಿ ತೊಟ್ಟಿಕ್ಕುತ್ತಾ ಇರುತ್ತದಲ್ಲ, ಅಂಥ ರಾತ್ರಿ ಬೇಕು. ಏಳು ಏಳೂವರೆಗೆ ಹೋಗಿ ನಿಂತರೆ ಹತ್ತು ಗಂಟೆಯೊಳಗೆ ನೋಡಬೇಕಾದದ್ದೆಲ್ಲ ನೋಡಬಹುದು.

ಎಲ್ಲಿ ಹುಡುಕಬೇಕು

ಹರಿಯುವ ಹಳ್ಳ ಬೇಡ. ನಿಂತ ನೀರೇ ಬೇಕು, ಇಲ್ಲವಾದರೆ ಗೂಡಿನಿಂದ ಬಿದ್ದ ಮರಿ ಕೊಚ್ಚಿಹೋಗುತ್ತದೆ. ಅಡಿಕೆ ತೋಟದ ಅಂಚಿನ ಹೊಂಡ, ನೀರು ನಿಂತ ಬಸಿಗಾಲುವೆ, ಸೊಪ್ಪಿನ ಬೆಟ್ಟದ ತಗ್ಗು, ಮಣ್ಣು ತೆಗೆದು ಬಿಟ್ಟ ಗುಂಡಿ, ಹಳೆಯ ಬಾವಿ, ಔಷಧಿಗೆ ನೀರು ಹಿಡಿಯುವ ಸಿಮೆಂಟ್ ತೊಟ್ಟಿ, ಇವೆಲ್ಲ ಸರಿ. ಮೀನಿಲ್ಲದ ನೀರಾದರೆ ಇನ್ನೂ ಸರಿ.

ಹಗಲಿನಲ್ಲಿ ಒಮ್ಮೆ ಹೋಗಿ ಬನ್ನಿ. ಇದು ಎಲ್ಲಕ್ಕಿಂತ ಮುಖ್ಯ. ಹಗಲು ಕಪ್ಪೆ ಕಾಣುವುದಿಲ್ಲ, ಗೂಡು ಕಾಣುತ್ತದೆ. ನೀರಿನ ಮೇಲೆ ಬಾಗಿದ ಗಿಡದ ಎಲೆಗಳ ನಡುವೆ, ಮೊಣಕಾಲೆತ್ತರದಿಂದ ಹಿಡಿದು ತಲೆಗಿಂತ ಎತ್ತರದವರೆಗೂ ನೋಡಿ. ಹಾಲು ಕರೆದ ತಂಬಿಗೆಯ ಮೇಲೆ ನಿಲ್ಲುವ ನೊರೆಯ ಹಾಗೆ ಒಂದು ಮುದ್ದೆ ಅಂಟಿಕೊಂಡಿರುತ್ತದೆ, ಸುತ್ತಲಿನ ಎರಡು ಮೂರು ಎಲೆ ಅದಕ್ಕೆ ಮೆತ್ತಿಕೊಂಡಿರುತ್ತವೆ. ಬೆಳ್ಳಗೆ ಒದ್ದೆಯಾಗಿದ್ದರೆ ನಿನ್ನೆ ರಾತ್ರಿಯದು. ಹೊರಗೆ ಒಣಗಿ ಹಳದಿ, ಕಂದು ತಿರುಗಿದ್ದರೆ ಕೆಲವು ದಿನ ಹಳೆಯದು. ಒಂದು ಗೂಡು ಸಿಕ್ಕಿತು ಅಂದರೆ ಜಾಗ ಸಿಕ್ಕಿತು, ಆ ಹೊಂಡಕ್ಕೆ ರಾತ್ರಿ ಬನ್ನಿ.

ಹಗಲು ನೋಡಿಕೊಂಡರೆ ಇನ್ನೊಂದು ಲಾಭ, ಕಾಲಿಡುವ ಜಾಗ ಯಾವುದು, ಕುಸಿಯುವ ದಂಡೆ ಯಾವುದು, ಎಲ್ಲಿ ಮುಳ್ಳಿನ ಪೊದೆ ಇದೆ ಅಂತ ಗೊತ್ತಾಗುತ್ತದೆ. ಕಟ್ಟೆ ಇಲ್ಲದ ಹಳೆಯ ಬಾವಿಗಳ ವಿಷಯದಲ್ಲಂತೂ ಬಹಳ ಜಾಗ್ರತೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಬಾವಿ ಬಿಟ್ಟೇ ಬಿಡಿ.

ಪರವೂರಿನವರಿಗೆ ಒಂದು ಮಾತು. ರಾತ್ರಿ ಹೊತ್ತು ಕಾಯ್ದಿಟ್ಟ ಅರಣ್ಯದೊಳಗೆ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ ಅಭಯಾರಣ್ಯ, ಸಾಗರದ ಕಡೆ ಶರಾವತಿ ಕಣಿವೆಯ ಅಭಯಾರಣ್ಯ. ಹೋಂಸ್ಟೇನವರ ತೋಟದಲ್ಲೇ ಹೊಂಡ ಇರುತ್ತದೆ, ಅವರನ್ನು ಕೇಳಿ, ಅವರ ಜೊತೆಗೇ ಹೋಗಿ. ಆಗುಂಬೆಯಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಕಾಳಿಂಗ ಸರ್ಪದಿಂದ ಹೆಸರಾದ ಜಾಗವದು, ಆದರೆ ಕಪ್ಪೆಗಳಿಗೂ ಆಗುಂಬೆಯ ಸುತ್ತಲಿನ ಕಾಡು ಅಷ್ಟೇ ಸಮೃದ್ಧ.

ಹೊರಡುವಾಗ

ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಅನುಕೂಲ. ಕೈ ಟಾರ್ಚ್ ಆದರೆ ಕಣ್ಣಿನ ಪಕ್ಕಕ್ಕೇ ಹಿಡಿದು ನೋಡಿ, ಆಗ ಕಪ್ಪೆಯ ಕಣ್ಣು ಹೊಳೆಯುವುದು ಕಾಣುತ್ತದೆ. ಸೊಂಟದ ಹತ್ತಿರ ಹಿಡಿದರೆ ಕಾಣುವುದಿಲ್ಲ. ಹುಲ್ಲಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಳೆಯುವುದೆಲ್ಲ ಜೇಡದ ಕಣ್ಣು, ಅದಕ್ಕೆ ಮೋಸ ಹೋಗಬೇಡಿ. ಕೊಡೆ ತರಬೇಡಿ, ಪೊದೆಗೆ ಸಿಕ್ಕಿಕೊಳ್ಳುತ್ತದೆ, ಗೂಡಿಗೂ ತಾಗುತ್ತದೆ. ಕೊಪ್ಪೆ ಹಾಕಿಕೊಳ್ಳಿ, ಕಂಬಳಿಯದಾದರೂ ಸರಿ ಪ್ಲಾಸ್ಟಿಕ್ಕಿನದಾದರೂ ಸರಿ.

ಗಮ್‌ಬೂಟ್ ಕಡ್ಡಾಯ. ಇಂಬಳಕ್ಕೆ ಮಾತ್ರ ಹೇಳುತ್ತಿಲ್ಲ. ಇಂಬಳ ಕಚ್ಚಿದರೆ ತುರಿಸುತ್ತದೆ ಅಷ್ಟೇ, ಬೂಟಿನ ಅಂಚಿಗೆ ಸ್ವಲ್ಪ ಸುಣ್ಣವೋ ಹೊಗೆಸೊಪ್ಪಿನ ನೀರೋ ಸವರಿಕೊಂಡರೆ ಆಯಿತು. ಆದರೆ ಅದನ್ನು ಸವರಿದ ಬೂಟಿನಲ್ಲಿ ನೀರಿಗಿಳಿಯಬೇಡಿ, ಎರಡೂ ಮರಿಗಪ್ಪೆಗೆ ಆಗಿಬರುವುದಿಲ್ಲ. ನಿಜವಾದ ಭಯ ಹಾವಿನದು. ಕಪ್ಪೆ ಸೇರುವ ಕಡೆ ಕಪ್ಪೆ ತಿನ್ನುವವರೂ ಸೇರುತ್ತಾರೆ. ಮಲಬಾರ್ ಗುಳಿಮಂಡಲ ಹಾವು ಮಳೆಗಾಲದಲ್ಲಿ ಹೀಗೆಯೇ ನೀರಿನ ಪಕ್ಕದ ಗಿಡಗಳಲ್ಲಿ ಸುರುಳಿ ಸುತ್ತಿ ಕಾದಿರುತ್ತದೆ, ಹಸಿರು, ಕಂದು, ಹಳದಿ, ಹೀಗೆ ಹಲವು ಬಣ್ಣದಲ್ಲಿ ಇರುತ್ತದೆ, ಅಲುಗಾಡುವುದೇ ಇಲ್ಲ. ಹಾಗಾಗಿ ಕೊಂಬೆ ಸರಿಸುವ ಮುಂಚೆ, ಗಿಡ ಹಿಡಿದು ಬ್ಯಾಲೆನ್ಸ್ ಮಾಡುವ ಮುಂಚೆ, ಅಲ್ಲಿ ಟಾರ್ಚ್ ಬಿಡಿ. ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು ಏನೂ ಬೇಡ, ಓಡಾಡದೆ ಕೂತು ಗಾಡಿ ತರಿಸಿ ಸೀದಾ ಆಸ್ಪತ್ರೆಗೆ ಹೋಗಿ.

ಮಂಗನ ಕಾಯಿಲೆಯ ಬಗ್ಗೆ ಕೇಳುವವರಿದ್ದಾರೆ. ಅದನ್ನು ಹರಡುವ ಉಣ್ಣೆ ಹುಳದ ಕಾಟ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಜುಲೈ ಮಳೆಯಲ್ಲಿ ಆ ಚಿಂತೆ ಕಡಿಮೆ.

ಇನ್ನು ಬೂಟಿನ ಬಗ್ಗೆಯೇ ಮತ್ತೊಂದು ವಿಷಯ. ಒಂದು ಊರಿನ ಹೊಂಡದ ಕೆಸರನ್ನು ಇನ್ನೊಂದು ಊರಿನ ಹೊಂಡಕ್ಕೆ ಒಯ್ಯಬೇಡಿ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ತಗಲುತ್ತದೆ, ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದಲ್ಲಿ ಕೆಲವು ಜಾತಿಗಳನ್ನು ಪೂರ್ತಿ ಅಳಿಸಿಹಾಕಿದ ರೋಗ ಅದು. ಬೂಟು ಉಜ್ಜಿ ತೊಳೆದು ಚೆನ್ನಾಗಿ ಒಣಗಿಸಿ. ಸುತ್ತಾಟದ ಗುಂಪುಗಳನ್ನು ಕರೆದೊಯ್ಯುವವರು ಇದನ್ನು ನಿಯಮವಾಗಿಯೇ ಮಾಡಬೇಕು.

ಹೊಂಡದ ಪಕ್ಕದಲ್ಲಿ

ಬಂದ ಕೂಡಲೇ ಟಾರ್ಚ್ ಆರಿಸಿ. ಮಾತು ನಿಲ್ಲಿಸಿ. ನೀವು ಬಂದ ಸದ್ದಿಗೆ ಎಲ್ಲವೂ ಬಾಯಿ ಮುಚ್ಚಿಕೊಂಡಿರುತ್ತವೆ. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಶುರು ಮಾಡುತ್ತವೆ. ಮೊದಲು ಪೊದೆಗಪ್ಪೆಗಳು, ಉಗುರಿನಷ್ಟೇ ಇದ್ದರೂ ಕಿವಿ ಗುಂಯ್ ಅನ್ನುವಷ್ಟು ಕೂಗುತ್ತವೆ. ಈ ಗುಂಪಿನ ಹೆಚ್ಚಿನವಕ್ಕೆ ನೀರೇ ಬೇಡ, ಅವುಗಳ ಮೊಟ್ಟೆಯಿಂದ ಬಾಲದ ಮರಿ ಬರುವುದಿಲ್ಲ, ಸೀದಾ ಪುಟಾಣಿ ಕಪ್ಪೆಯೇ ಹೊರಗೆ ಬರುತ್ತದೆ. ಗದ್ದೆ ಕಡೆಯಿಂದ ದೊಡ್ಡ ದನಿ ಕೇಳಿದರೆ ಗೂಳಿಗಪ್ಪೆ. ಮೊದಲ ಮಳೆಗೆ ಗಂಡು ಗೂಳಿಗಪ್ಪೆ ಪೂರ್ತಿ ನಿಂಬೆ ಹಳದಿಯಾಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ಕೂಗುತ್ತದಲ್ಲ, ಅದನ್ನೂ ಒಮ್ಮೆ ನೋಡಲೇಬೇಕು. ಇವುಗಳ ಕಾಲನ್ನು ಹೊರದೇಶಕ್ಕೆ ಮಾರುವ ದಂಧೆ ನಮ್ಮಲ್ಲಿ ಜೋರಾಗಿತ್ತು, 1987ರಲ್ಲಿ ಸರ್ಕಾರ ನಿಲ್ಲಿಸಿತು.

ಹಾರುವ ಕಪ್ಪೆಯ ಕೂಗು ಇಷ್ಟು ದೊಡ್ಡದಲ್ಲ. ನನ್ನ ಕಿವಿಗೆ ಅದು ತಡೆದು ತಡೆದು ಟೊಕ್ ಟೊಕ್ ಅಂದಂತೆ ಕೇಳುತ್ತದೆ, ತಲೆಯ ಮಟ್ಟದಿಂದ ಅಥವಾ ಇನ್ನೂ ಮೇಲಿಂದ. ದನಿ ಬಂದ ಕಡೆ ಕಿವಿಗೊಟ್ಟು, ಎರಡು ಮೂರು ಸಲ ಕೇಳಿಸಿಕೊಂಡು, ಜಾಗ ಅಂದಾಜು ಮಾಡಿ ಆಮೇಲೆ ಟಾರ್ಚ್ ಬಿಡಿ. ನೇರ ಕಣ್ಣಿಗೆ ಬಿಡಬೇಡಿ, ಪಕ್ಕದ ಎಲೆಗೆ ಬಿಟ್ಟರೆ ಸಾಕು, ಆ ಬೆಳಕಿನಲ್ಲೇ ಕಾಣುತ್ತದೆ. ಟಾರ್ಚಿನ ಗಾಜಿಗೆ ಕೆಂಪು ಕಾಗದ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಅದೃಷ್ಟ ಚೆನ್ನಾಗಿದ್ದರೆ ಗೂಡು ಕಟ್ಟುವುದನ್ನೇ ನೋಡಬಹುದು. ಹೆಣ್ಣಿನ ಬೆನ್ನ ಮೇಲೆ ಗಂಡು ಅವುಚಿಕೊಂಡಿರುತ್ತದೆ. ಹೆಣ್ಣು ಅದನ್ನು ಹೊತ್ತುಕೊಂಡೇ ನಿಧಾನಕ್ಕೆ ನೀರಿನ ಮೇಲಿನ ಕೊಂಬೆಗೆ ನಡೆದು ಬರುತ್ತದೆ, ಒಂದೊಂದೇ ಹೆಜ್ಜೆ, ಎಲೆ ಬಾಗುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಹೆಜ್ಜೆ. ಜಾಗ ಒಪ್ಪಿಗೆಯಾದ ಮೇಲೆ ಹಿಂಬದಿಯಿಂದ ಅಂಟು ದ್ರವ ಬಿಡುತ್ತದೆ, ಆ ದ್ರವವನ್ನು ಎರಡೂ ಹಿಂಗಾಲುಗಳಿಂದ ಕಡೆಯುತ್ತದೆ. ಆ ಕಾಲು ಆಡುವುದನ್ನೇ ನೋಡಿ. ಒಳಗೆ, ಹೊರಗೆ, ಒಳಗೆ, ಹೊರಗೆ, ಕೆಂಪು ಪೊರೆ ಪ್ರತಿ ಸಲವೂ ನೊರೆಯಲ್ಲಿ ಮುಳುಗಿ ಏಳುತ್ತದೆ, ನೊರೆ ಉಬ್ಬುತ್ತಾ ಹೋಗುತ್ತದೆ, ಮೊಟ್ಟೆಗಳು ಅದರೊಳಗೇ ಸೇರಿಕೊಳ್ಳುತ್ತವೆ. ನಡುನಡುವೆ ಪಕ್ಕದ ಎಲೆಗಳು ನೊರೆಗೆ ಅಂಟಿ ಮುಚ್ಚಳವಾಗುತ್ತವೆ. ಬಹಳ ಹೊತ್ತಿನ ಕೆಲಸ ಇದು. ಈ ಹೊತ್ತಿನಲ್ಲಿ ಫ್ಲ್ಯಾಶ್ ಹೊಡೆಯಬೇಡಿ, ಕೊಂಬೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಗಲಿಬಿಲಿಯಾದರೆ ಜೋಡಿ ಅರ್ಧಕ್ಕೇ ಬಿಟ್ಟು ಹೋದೀತು, ಅರೆಬರೆ ನೊರೆಯಲ್ಲಿ ಮೊಟ್ಟೆ ಒಣಗಿ ಹಾಳಾಗುತ್ತದೆ.

ಮೊಟ್ಟೆ ಬಿಳಿಚಿಕೊಂಡಿರುತ್ತದೆ, ಕರಿ ಬಣ್ಣ ಇರುವುದಿಲ್ಲ. ಬೇರೆ ಕಪ್ಪೆಗಳು ಬಯಲು ನೀರಿನಲ್ಲಿ ಇಡುವ ಮೊಟ್ಟೆಗೆ ಬಿಸಿಲು ತಾಗುತ್ತದೆ, ಹಾಗಾಗಿ ಕಪ್ಪಾಗಿರುತ್ತವೆ. ಇಲ್ಲಿ ನೊರೆಯೇ ನೆರಳು. ಹೊರಗೆ ನೊರೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಮಾತ್ರ ಒದ್ದೆ ಹಾಗೇ ಉಳಿಯುತ್ತದೆ, ಗುಳ್ಳೆಗಳಲ್ಲಿ ಗಾಳಿಯೂ ಇರುತ್ತದೆ. ನೀರಿನಲ್ಲಿರುವ ಮೀನಿಗೆ, ಹುಳಗಳಿಗೆ ಇದು ಎಟುಕುವುದಿಲ್ಲ. ಎಷ್ಟು ಯೋಚನೆಯ ವ್ಯವಸ್ಥೆ ನೋಡಿ.

ಹಾರುವುದನ್ನು ನೋಡುವುದು

ಹಾರುವ ಕಪ್ಪೆ ಅಂದರೂ ರೆಕ್ಕೆ ಬಡಿದು ಹಾರುವುದಲ್ಲ, ತೇಲುವುದು. ಎತ್ತರದ ಕೊಂಬೆಯಿಂದ ಜಿಗಿದು ನಾಲ್ಕೂ ಕೈಕಾಲು ಅಗಲಿಸುತ್ತದೆ. ಬೆರಳ ನಡುವಿನ ಪೊರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಮುಂಗೈ ಮತ್ತು ಹಿಮ್ಮಡಿಯ ಅಂಚಿನ ಚರ್ಮದ ಪಟ್ಟಿಯೂ ಗಾಳಿ ಹಿಡಿಯುತ್ತದೆ. ಸುಮ್ನೆ ಬೀಳುವ ಬದಲು ಓರೆಯಾಗಿ ಜಾರಿಕೊಂಡು ಹೋಗುತ್ತದೆ, 9ರಿಂದ 12 ಮೀಟರ್ ದೂರದವರೆಗೂ. ಅದರ ಮೈಯಳತೆಯ ನೂರು ಪಟ್ಟಿಗೂ ಜಾಸ್ತಿ.

ಇದನ್ನು ನೋಡುವುದು ಕಷ್ಟ ಅಂತ ಮೊದಲೇ ಹೇಳಿಬಿಡುತ್ತೇನೆ. ಸಂಜೆ ಪೂರ್ತಿ ಕತ್ತಲಾಗುವ ಮುಂಚೆ, ಮರದಿಂದ ಹೊಂಡಕ್ಕೆ ಇಳಿಯುವ ಹೊತ್ತಿನಲ್ಲಿ ಅವಕಾಶ ಜಾಸ್ತಿ. ಆಕಾಶದ ಬೆಳಕು ಉಳಿದಿರುವ ಕಡೆ ಮುಖ ಮಾಡಿ ನಿಂತರೆ ಆಕಾರವಾದರೂ ಕಾಣುತ್ತದೆ. ಕೆಲವರು ಹಾರಿಸಿ ವಿಡಿಯೋ ಮಾಡಬೇಕು ಅಂತ ಕಪ್ಪೆಯನ್ನು ಹಿಡಿದು ಮೇಲಕ್ಕೆ ಎಸೆಯುತ್ತಾರೆ, ಕೊಂಬೆ ಅಲ್ಲಾಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೊತೆಯವರು ಮಾಡಿದರೂ ತಡೆಯಿರಿ. ಮೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಗೂಡಿನ ನಂತರ

ಮನೆಯವರಿಗೆ ಇರುವ ಭಾಗ್ಯ ಇದು, ಬಂದು ಹೋಗುವವರಿಗೆ ಸಿಗುವುದಿಲ್ಲ. ಗೂಡು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಒಂದು ವಾರದ ಆಸುಪಾಸಿನಲ್ಲಿ ಒಳಗೆ ಮರಿಯೊಡೆಯುತ್ತವೆ. ಜೋರು ಮಳೆ ಬಂದಾಗ ನೊರೆ ಕರಗಿ, ಬಾಲದ ಮರಿಗಳು ತೊಟ್ಟು ತೊಟ್ಟಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಬೆಳಗ್ಗೆ ಹೋದರೆ ಗೂಡಿನ ಕೆಳಗೆ ನೀರಿನಲ್ಲಿ ಸಣ್ಣ ಸಣ್ಣ ಮರಿ ಆಡುತ್ತಿರುತ್ತವೆ. ಪಾಚಿ, ಕೊಳೆತ ಎಲೆ ಕೆರೆದು ತಿನ್ನುತ್ತಾ ಬೆಳೆಯುತ್ತವೆ. ಹಿಂಗಾಲು ಬರುತ್ತದೆ, ಆಮೇಲೆ ಮುಂಗಾಲು, ಬಾಲ ಕರಗುತ್ತದೆ, ಒಂದೆರಡು ತಿಂಗಳಲ್ಲಿ ದಂಡೆಯ ಹುಲ್ಲು ಹತ್ತಲು ಶುರು ಮಾಡುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಹುಳ, ನೀರುಚೇಳು, ಮೀನು, ಹಾವು, ಮಿಂಚುಳ್ಳಿ ಇಷ್ಟನ್ನೂ ದಾಟಿ ಕೆಲವೇ ಕೆಲವು ಮೇಲೆ ಬರುತ್ತವೆ.

ಕೊಂಬೆ ಮುರಿದು ಗೂಡು ನೆಲಕ್ಕೆ ಬಿದ್ದಿದ್ದರೆ ಎಲೆ ಸಮೇತ ಎತ್ತಿ, ಅದೇ ಹೊಂಡದ ಮೇಲೆ ಬೇರೆ ಕೊಂಬೆಗೆ ಬಾಳೆಪಟ್ಟೆಯಿಂದ ಕಟ್ಟಿಬಿಡಿ. ನೊರೆಯನ್ನು ಕೈಯಿಂದ ಮುಟ್ಟಬೇಡಿ. ನೀರೊಳಗೆ ಮುಳುಗಿಸಬೇಡಿ. ಕೆಳಗೆ ನೀರೇ ಇಲ್ಲದ ಜಾಗದಲ್ಲಿ ಗೂಡಿದ್ದರೆ, ಉದಾಹರಣೆಗೆ ಹೊಂಡ ಒಡೆದು ಖಾಲಿಯಾಗಿದ್ದರೆ, ಗೂಡಿನ ಕೆಳಗೆ ಒಂದು ಟಬ್ಬೋ ಬಕೆಟ್ಟೋ ಇಟ್ಟು ಮಳೆನೀರು ತುಂಬಿಸಿ. ಮರಿಗಳು ಬಿದ್ದ ಮೇಲೆ ಹತ್ತಿರದ ಹೊಂಡಕ್ಕೆ ಬಿಡಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಮನೆಯಲ್ಲಿ ಗಾಜಿನ ಡಬ್ಬದಲ್ಲಿ ಸಾಕುವ ಆಸೆ ಬೇಡವೇ ಬೇಡ.

ಹೊಂಡ ಇರುವವರಿಗೆ

ಈಗ ಮುಂಚೆ ಹೇಳಿದ ವಿಷಯಕ್ಕೆ ಬರುತ್ತೇನೆ. ಮಳೆಗಾಲಕ್ಕೆ ಮುಂಚೆ ಹೊಂಡ ಚೊಕ್ಕ ಮಾಡುವಾಗ ನಾವು ದಂಡೆಯ ಪೊದೆಯನ್ನೆಲ್ಲ ಸವರಿ ಹಾಕುತ್ತೇವೆ. ನೋಡಲು ಚಂದ ಕಾಣುತ್ತದೆ. ಆದರೆ ಆ ವರ್ಷ ಅಲ್ಲಿ ಒಂದೇ ಒಂದು ಗೂಡು ಬರುವುದಿಲ್ಲ, ಬಂದರೂ ತೊಟ್ಟಿಯ ಗೋಡೆಗೋ ಹುಲ್ಲಿಗೋ ಅಂಟಿಸಿ ಹೋಗುತ್ತವೆ. ಒಂದು ಬದಿಯನ್ನಾದರೂ ಹಾಗೇ ಬಿಡಿ. ದಾಸವಾಳ, ಕಾಫಿ, ಮುರುಗಲು, ಯಾವ ಗಿಡವಾದರೂ ಆದೀತು, ನೀರಿನ ಮೇಲೆ ಬಾಗಿದ ಎಲೆ ಇರಬೇಕು ಅಷ್ಟೇ. ಸಿಮೆಂಟ್ ತೊಟ್ಟಿಯಾದರೆ ಅಂಚಿನಲ್ಲಿ ಒಂದು ಗಿಡ ನೆಟ್ಟು ಬಗ್ಗಿಸಿ, ಒಳಗೆ ಓರೆಯಾಗಿ ಒಂದು ಅಡಿಕೆ ದಬ್ಬೆ ಇಡಿ, ಮರಗಪ್ಪೆ ಅಲ್ಲದ ಬೇರೆ ಕಪ್ಪೆಗಳೂ ಹತ್ತಿ ಬರಲಿ.

ಔಷಧಿಯ ವಿಷಯ ಇನ್ನೂ ದೊಡ್ಡದು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಹೊಡೆಯದೆ ನಮಗೆ ಬದುಕಿಲ್ಲ, ಅದು ನನಗೂ ಗೊತ್ತು. ಮೊದಲ ಸುತ್ತು ಮಳೆ ಹಿಡಿಯುವ ಮುಂಚೆ, ಎರಡನೆಯದು 40, 45 ದಿನ ಬಿಟ್ಟು. ಆ ಎರಡನೇ ಸುತ್ತು ಬರುವುದು ಜುಲೈನಲ್ಲಿ, ಸರಿಯಾಗಿ ಹೊಂಡದ ತುಂಬಾ ಮರಿ ಇರುವ ಹೊತ್ತಿಗೆ. ಮೈಲುತುತ್ತ ಅಂದರೆ ತಾಮ್ರ, ತಾಮ್ರ ನೀರಿಗೆ ಸೇರಿದರೆ ಕಪ್ಪೆ ಮರಿಗೂ ಮೀನಿಗೂ ವಿಷ. ಔಷಧಿ ಹೊಡೆಯುವುದನ್ನು ಬಿಡಿ ಅನ್ನುವುದಿಲ್ಲ. ಡ್ರಮ್ಮು, ಪೈಪು, ಔಷಧಿ ಹೊಡೆಯುವ ಪಂಪನ್ನು ಹೊಂಡದಲ್ಲಿ ತೊಳೆಯಬೇಡಿ. ಕಲಸುವ ಜಾಗ ಹೊಂಡದಿಂದ ದೂರ ಇರಲಿ. ಉಳಿದದ್ದನ್ನು ಬಸಿಗಾಲುವೆಗೆ ಚೆಲ್ಲಬೇಡಿ. ನೀರು ಬೇಕಾದರೆ ಕೊಡದಲ್ಲಿ ಎತ್ತಿಕೊಂಡು ಹೋಗಿ ಬೇರೆ ಕಡೆ ಕಲಸಿ. ಕೆಲಸಕ್ಕೆ ಬಂದವರಿಗೂ ಮೊದಲೇ ಹೇಳಿಡಿ, ಅವರು ಮಾಡುವುದು ಯಾವಾಗಲೂ ಮಾಡಿದ ಹಾಗೆ ತಾನೇ. ಕಳೆನಾಶಕವನ್ನಂತೂ ನೀರಿನ ಹತ್ತಿರ ತರಲೇಬೇಡಿ.

ಸೊಳ್ಳೆ ಜಾಸ್ತಿಯಾಯಿತು ಅಂತ ಹೊಂಡಕ್ಕೆ ಗ್ಯಾಂಬೂಸಿಯಾ ಮೀನು ಬಿಡುವವರಿದ್ದಾರೆ. ಅದು ಸೊಳ್ಳೆ ಮರಿ ಜೊತೆಗೆ ಕಪ್ಪೆ ಮರಿಯನ್ನೂ ಕಿತ್ತು ತಿನ್ನುತ್ತದೆ. ತೊಟ್ಟಿಯಲ್ಲಿ ಕಪ್ಪೆ ಮರಿ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಇದ್ದರೆ ಸೊಳ್ಳೆ ತಾನಾಗಿಯೇ ಕಡಿಮೆಯಾಗುತ್ತದೆ, ಮೀನು ಬೇಕಾಗಿಲ್ಲ.

ಹೊಸದಾಗಿ ಹೊಂಡ ತೋಡಿಸುವವರು ಪ್ಲಾಸ್ಟಿಕ್ ಹಾಸಿನ ಕೃಷಿಹೊಂಡವನ್ನೇ ಮಾಡಿಸುತ್ತಾರೆ. ಅದರ ದಂಡೆ ಕಡಿದು, ಜಾರುತ್ತದೆ, ಸಣ್ಣ ಪ್ರಾಣಿ ಬಿದ್ದರೆ ಮೇಲೆ ಬರುವುದಿಲ್ಲ. ಒಂದು ಮೂಲೆಯಲ್ಲಿ ಹಗ್ಗದ ಬಲೆಯೋ ಗೋಣಿಚೀಲವೋ ಇಳಿಬಿಟ್ಟರೆ ಎಷ್ಟೋ ಜೀವ ಉಳಿಯುತ್ತದೆ.

ಇನ್ನು ರಸ್ತೆ. ಮೊದಲ ಮಳೆಯ ರಾತ್ರಿಗಳಲ್ಲಿ ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಕಪ್ಪೆಗಳು ರಸ್ತೆ ದಾಟುತ್ತಿರುತ್ತವೆ. ನಿಧಾನಕ್ಕೆ ಹೋಗಿ. ಕಪ್ಪೆ ನೋಡಲು ಬರುವ ಅವಸರದಲ್ಲಿ ಕಪ್ಪೆಯ ಮೇಲೇ ಗಾಡಿ ಹತ್ತಿಸಿಕೊಂಡು ಬರುವುದು ಬೇಡ.

ಈ ಕಪ್ಪೆ ನೋಡಿ ಆಸೆ ಹತ್ತಿದವರಿಗೆ ಮುಂದೆ ನೋಡಲು ಬೇಕಾದಷ್ಟಿದೆ. ಪಶ್ಚಿಮಘಟ್ಟದಲ್ಲಿ 200ಕ್ಕೂ ಜಾಸ್ತಿ ಜಾತಿಯ ಕಪ್ಪೆಗಳಿವೆ. ಜೋಗದಿಂದ ಹೊನ್ನಾವರದ ಕಡೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ, ಗಂಡು ಕಪ್ಪೆ ಕೈಯಲ್ಲಿ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಕಪ್ಪೆ ಸಂಶೋಧಕ ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಜಾತಿ ಅಂತ ಲೋಕಕ್ಕೆ ತಿಳಿಸಿದರು. ಹಳ್ಳದ ಬಂಡೆ ಮೇಲೆ ಹಿಂಗಾಲು ಚಾಚಿ ಚಾಚಿ ತೋರಿಸುವ ಕುಣಿಯುವ ಕಪ್ಪೆಯೂ ಇದೆ. ಅದರ ಒಂದು ಜಾತಿಗೆ ಕೊಟ್ಟಿಗೆಹಾರದ ಹೆಸರನ್ನೇ ಇಟ್ಟಿದ್ದಾರೆ. 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು ಅದನ್ನು ವಿವರಿಸಿದ್ದು.

ಫೋಟೋ ಸಿಕ್ಕಿದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ವೆಬ್‌ಸೈಟುಗಳಲ್ಲಿ ಯಾವುದಕ್ಕಾದರೂ ಹಾಕಿ. ದಿನಾಂಕ ಬರೆಯಿರಿ, ಗೂಡಿತ್ತಾ ಮರಿಯಿತ್ತಾ ಬರೆಯಿರಿ, ನೀರು ಎಂಥದ್ದು, ಹೊಂಡವಾ ಬಾವಿಯಾ ತೊಟ್ಟಿಯಾ ಅದನ್ನೂ ಬರೆಯಿರಿ. ಊರಿನ, ಹೊಂಡದ ಸರಿಯಾದ ಗುರುತು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ವಾರಾಂತ್ಯಕ್ಕೆ ಕ್ಯಾಮೆರಾ ಹಿಡಿದ ಗುಂಪು ಬಂದು ದಂಡೆ ತುಳಿದು ಹೋಗುವುದು ಬೇಡ, ತಾಲೂಕು ಹೇಳಿದರೆ ಸಾಕು.